ಹೆಗಲಿನ ಚೀಲವೂ ಕಂಪ್ಯೂಟರಿನ ಪಟ್ಟಿಯೂ

ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ, ಅಂತರಸಂತೆ ಕಳೆದು, ಕಾಡಿನ ದಾರಿಯಲ್ಲಿ ಬಾವಲಿಗೆ ಬಂದರೆ ಅಲ್ಲಿಗೆ ಕರ್ನಾಟಕ ಮುಗಿಯುತ್ತದೆ. ಆಚೆಗೆ ವಯನಾಡು. ಮಾನಂದವಾಡಿಯಿಂದ ಬಾಣಾಸುರ ಬೆಟ್ಟದ ಕಡೆಗೆ ಸಾಗಿದರೆ ವೆಳ್ಳಮುಂಡ ಸಿಗುತ್ತದೆ. ಕಾಫಿ, ಮೆಣಸು, ಅಡಿಕೆಯ ತೋಟಗಳು, ತಗ್ಗಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಕೊಡಗನ್ನು ಕಂಡವರಿಗೆ ಈ ನೆಲ ಅಪರಿಚಿತ ಅನ್ನಿಸದು. ಇಂಥ ಊರಿನಲ್ಲಿ ಗ್ರಂಥಾಲಯವನ್ನು ಎಲ್ಲಿ ಕಟ್ಟಿದರೂ ಅದು ಯಾರಿಗಾದರೂ ದೂರವೇ. ಮಳೆಗಾಲದಲ್ಲಂತೂ ಆ ದೂರ ಇಮ್ಮಡಿಯಾಗುತ್ತದೆ.

ಈ ವೆಳ್ಳಮುಂಡ ಪಂಚಾಯಿತಿಯ ಮೊತಕ್ಕರದಲ್ಲಿ ಪ್ರತಿಭಾ ಸಾರ್ವಜನಿಕ ಗ್ರಂಥಾಲಯವಿದೆ. ಅಲ್ಲಿನ ಕೆ.ಪಿ. ರಾಧಾಮಣಿ 2012ರಲ್ಲಿ ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ಮನೆಮನೆಗೆ ನಡೆಯತೊಡಗಿದರು. ಕೇರಳ ರಾಜ್ಯ ಗ್ರಂಥಾಲಯ ಮಂಡಳಿಯು ಮನೆಯಿಂದ ಹೊರಬರಲು ಬಿಡುವಿಲ್ಲದ ಹೆಂಗಸರಿಗಾಗಿ ರೂಪಿಸಿದ ಯೋಜನೆ ಅದು. ಮುಂದೆ ವಯಸ್ಸಾದವರನ್ನೂ ಅದರೊಳಗೆ ಸೇರಿಸಿಕೊಂಡಿತು. ರಾಧಾಮಣಿಯವರು ಮೂಲತಃ ಕೋಟ್ಟಯಂ ಜಿಲ್ಲೆಯ ವಾಳೂರಿನವರು, 1979ರಲ್ಲಿ ವಯನಾಡಿಗೆ ಬಂದು ನೆಲೆಸಿದವರು. ದಿನಕ್ಕೆ ಸುಮಾರು 4 ಕಿಲೋಮೀಟರ್ ನಡಿಗೆ, ಚೀಲದಲ್ಲಿ 25ರಷ್ಟು ಪುಸ್ತಕ, ತಿಂಗಳಿಗೆ 500ರ ಆಸುಪಾಸಿನಲ್ಲಿ ಪುಸ್ತಕಗಳ ಕೊಡುಕೊಳ್ಳುವಿಕೆ. ಕೆಲವು ವರ್ಷಗಳ ಹಿಂದೆ ಪತ್ರಿಕೆಗಳು ಅವರ ಬಗ್ಗೆ ಬರೆದಾಗ ಅವರಿಗೆ ಅರವತ್ತು ದಾಟಿತ್ತು. ನಾನು ಅವರನ್ನು ಬಲ್ಲದ್ದು ಆ ಬರಹಗಳಿಂದಲೇ. ಗ್ರಂಥಪಾಲಕನಾಗಿ ದುಡಿದ ನನಗೆ ಆ ವರದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಕಿಲೋಮೀಟರಿನ ಲೆಕ್ಕವಲ್ಲ, ಇನ್ನೊಂದು ಸಣ್ಣ ಸಂಗತಿ. ಶುರುವಿನಲ್ಲಿ ಆ ಮನೆಗಳ ಹೆಂಗಸರು ಕೇಳುತ್ತಿದ್ದುದು ಮಂಗಳಂನಂಥ ವಾರಪತ್ರಿಕೆಗಳನ್ನು. ಬರಬರುತ್ತ ಕಾದಂಬರಿಗಳನ್ನು ಕೇಳತೊಡಗಿದರು. ಆಮೇಲೆ ಮಕ್ಕಳ ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕಾದ ಪುಸ್ತಕಗಳನ್ನೂ.

ಮಂಗಳಂ ಎಂದರೆ ನಮಗೆ ಹೊರಗಿನದೇನಲ್ಲ. ಕೋಟ್ಟಯಂನ ಅದೇ ಸಂಸ್ಥೆ ಕನ್ನಡದಲ್ಲಿ ‘ಮಂಗಳ’ ವಾರಪತ್ರಿಕೆಯನ್ನು ತಂದಿತು. ಅದರ ಧಾರಾವಾಹಿಗಳಿಗಾಗಿ ಕಾದು ಕೂತ ತಾಯಂದಿರು ನಮ್ಮ ಎಷ್ಟು ಮನೆಗಳಲ್ಲಿ ಇದ್ದರು! ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನ ಸಾಹಸಗಳಲ್ಲಿ ಬೆಳೆದ ಮಕ್ಕಳು ಈಗ ನಲವತ್ತು ದಾಟಿದ್ದಾರೆ, ಆ ಡಿಂಗ ಮಲಯಾಳದ ಡಿಂಕನೇ ಎಂಬುದು ಅವರಲ್ಲಿ ಅನೇಕರಿಗೆ ಇಂದಿಗೂ ಗೊತ್ತಿರಲಿಕ್ಕಿಲ್ಲ. ವಾರಪತ್ರಿಕೆಯಿಂದ ಕಾದಂಬರಿಗೆ ಬರುವ ಈ ದಾರಿಯನ್ನು ಸಾಹಿತ್ಯ ವಿಮರ್ಶಕರು ಹಗುರವಾಗಿ ಕಾಣುವುದುಂಟು. ಗ್ರಂಥಪಾಲಕರು ಹಾಗೆ ಕಾಣಲಾಗದು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನರ ಓದುಗರನ್ನು ತಯಾರು ಮಾಡಿದ್ದು ವಾರಪತ್ರಿಕೆಗಳು ಮತ್ತು ಬೀದಿ ಮೂಲೆಯ ಬಾಡಿಗೆ ಪುಸ್ತಕದಂಗಡಿಗಳು. ಆ ಅಂಗಡಿಗಳಲ್ಲಿ ಕೂತಿದ್ದವನಿಗೆ ಯಾವ ಗ್ರಂಥಾಲಯ ಶಾಸ್ತ್ರದ ಪದವಿಯೂ ಇರಲಿಲ್ಲ. ಆದರೆ ಯಾವ ಮನೆಯವರು ಯಾವುದನ್ನು ಓದಿ ಮುಗಿಸಿದ್ದಾರೆ, ಮುಂದಕ್ಕೆ ಯಾವುದನ್ನು ಕೊಡಬೇಕು ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ನಮ್ಮ ವೃತ್ತಿಯ ಕಮ್ಮಟಗಳಿಗೆ ಹೋದರೆ ಇವತ್ತು ಕೇಳಿಸುವ ಮಾತೇ ಬೇರೆ. ಪುಸ್ತಕಕ್ಕೆ ಚಿಪ್ ಅಂಟಿಸುವುದು, ಓದುಗರೇ ಯಂತ್ರದ ಮುಂದೆ ನಿಂತು ಪುಸ್ತಕ ಪಡೆಯುವುದು, ಇ-ಪುಸ್ತಕದ ಚಂದಾ, ಪ್ರಶ್ನೆ ಕೇಳಿದರೆ ಉತ್ತರಿಸುವ ಕೃತಕ ಬುದ್ಧಿಮತ್ತೆ. ಇವುಗಳಲ್ಲಿ ಬೇಡವೆನ್ನುವಂಥದ್ದು ಯಾವುದೂ ಇಲ್ಲ. ಆದರೆ ಹುಡುಕುವ ಯಂತ್ರಗಳೆಲ್ಲ ಒಂದು ಷರತ್ತಿನ ಮೇಲೆ ಕೆಲಸ ಮಾಡುತ್ತವೆ. ಎದುರಿಗೆ ಕೂತವರಿಗೆ ತಮಗೇನು ಬೇಕು ಎಂಬುದು ಆಗಲೇ ಗೊತ್ತಿರಬೇಕು, ಅದನ್ನು ಅಕ್ಷರದಲ್ಲಿ ಬರೆಯಲು ಬರಬೇಕು. ಮೊತಕ್ಕರದ ಇಳಿಜಾರಿನ ಮನೆಯೊಂದರಲ್ಲಿ ಮಧ್ಯಾಹ್ನದ ಕೆಲಸ ಮುಗಿಸಿ ಕೂತ ಹೆಣ್ಣುಮಗಳಿಗೆ ಆ ಪ್ರಶ್ನೆ ಇನ್ನೂ ಹುಟ್ಟಿರುವುದಿಲ್ಲ. ಆಕೆಯ ಮುಂದೆ ನಾಲ್ಕಾರು ಪುಸ್ತಕ ಹರಡಿ, ಇದರಲ್ಲಿ ಹೀಗಿದೆ, ಅದರಲ್ಲಿ ಹಾಗಿದೆ ಎಂದು ಹೇಳುವ ಒಂದು ಜೀವ ಬೇಕು. ರಾಧಾಮಣಿಯವರು ತಾವು ಕೊಂಡೊಯ್ಯುವ ಪುಸ್ತಕಗಳನ್ನು ತಾವೇ ಓದುತ್ತ ಬಂದವರು. ಇದನ್ನು ಓದಿ ನೋಡಿ ಎನ್ನುವ ಹಕ್ಕು ಅವರಿಗೆ ಬಂದದ್ದು ಹಾಗೆ. ಗ್ರಂಥಾಲಯದ ಕೆಲಸ ಶುರುವಾಗುವುದು ಪ್ರಶ್ನೆ ಹುಟ್ಟುವುದಕ್ಕೂ ಮೊದಲು ಎಂದು ನಾನು ನಂಬಿದ್ದೇನೆ. ಯಾವ ತಂತ್ರಜ್ಞಾನ ಬಂದರೂ ಈ ಮೊದಲ ಹೆಜ್ಜೆಗೆ ಅದರಿಂದ ಬಿಡುವು ಹೆಚ್ಚಿತೋ, ಕಡಿಮೆಯಾಯಿತೋ ಎಂಬುದೇ ನನಗೆ ಮುಖ್ಯ.

ಒಂದೇ ಕಾಯ್ದೆಯ ನೆರಳಿನಲ್ಲಿ

ಗಡಿಯಾಚೆಯ ಈ ಊರಿಗೂ ನಮಗೂ ಗ್ರಂಥಾಲಯದ ವಿಷಯದಲ್ಲಿ ಹಳೆಯ ನಂಟಿದೆ. 1956ರವರೆಗೆ ವಯನಾಡು ಮದರಾಸು ರಾಜ್ಯದ ಮಲಬಾರ್ ಜಿಲ್ಲೆಯ ಭಾಗವಾಗಿತ್ತು. ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆ ಕೂಡ ಅದೇ ರಾಜ್ಯಕ್ಕೆ ಸೇರಿತ್ತು. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಅದಕ್ಕೆ ಸ್ಥಳೀಯ ತೆರಿಗೆಯ ಮೇಲೊಂದು ಕರ. ಅದರ ಹಿಂದಿದ್ದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕವಾಗಿಸಿದರು, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಜನ್ಮದಿನ ಆಗಸ್ಟ್ 12ನ್ನು ನಾವು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ, ಫೋಟೊಗೆ ಹಾರ ಹಾಕುತ್ತೇವೆ. ಅವರ ಸೂತ್ರಗಳಲ್ಲಿ ಎಲ್ಲರಿಗೂ ನೆನಪಿರುವುದು ಓದುಗರ ಸಮಯ ಉಳಿಸಬೇಕು ಎಂಬುದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗುವಂತೆ ಮಾಡಬೇಕು ಎಂಬ ಇನ್ನೊಂದು ಸೂತ್ರವನ್ನು ನಿತ್ಯದ ಕೆಲಸವನ್ನಾಗಿ ಮಾಡಿಕೊಂಡವರು ಕಡಿಮೆ. ಓದುಗರು ಬರಲಿ ಎಂದು ಕಾಯದೆ ಪುಸ್ತಕವೇ ಹೊರಡಬೇಕು ಎಂಬ ಮಾತು ಅದರಲ್ಲಿದೆ.

ಹಾಗೆ ಹೊರಟ ಪುಸ್ತಕಗಳೂ ಇದ್ದವು. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಎಂಬುವರು ಎತ್ತಿನ ಗಾಡಿಯಲ್ಲಿ ಪುಸ್ತಕ ಜೋಡಿಸಿ ಹಳ್ಳಿಗಳಿಗೆ ಹೊರಡಿಸಿದರು. ಆ ಕಾಲದ ತಂತ್ರಜ್ಞಾನ ಅದು. ಗಾಡಿಯ ಮೈಗೆ ಕಪಾಟು ಕೂರಿಸುವುದೂ ಒಂದು ಸೃಜನಶೀಲ ಕೆಲಸವೇ.

ಕೇರಳದ ತೆಂಕಣ ಭಾಗದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಅಂಬಲಪುಳದಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಹುಟ್ಟುಹಾಕಿದರು. ಅವರು ತೀರಿಕೊಂಡ ಜೂನ್ 19 ಇವತ್ತು ಅಲ್ಲಿ ಓದಿನ ದಿನ. 1989ರ ಕಾಯ್ದೆಯ ನಂತರ ಸಂಘದ ಜಾಗದಲ್ಲಿ ಗ್ರಂಥಾಲಯ ಮಂಡಳಿ ಬಂತು. ಆದರೆ ಅಡಿಪಾಯ ಬದಲಾಗಲಿಲ್ಲ: ಊರಿನ ಸದಸ್ಯರೇ ಗ್ರಂಥಾಲಯದ ಒಡೆಯರು, ಅವರೇ ಸಮಿತಿಯನ್ನು ಆರಿಸುತ್ತಾರೆ, ತಾಲ್ಲೂಕು, ಜಿಲ್ಲೆ, ರಾಜ್ಯದ ಮಂಡಳಿಗಳೂ ಚುನಾವಣೆಯಿಂದಲೇ ಬರುತ್ತವೆ. ಅನೇಕ ಕಡೆ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಇದೆ. ಕಲ್ಪೆಟ್ಟದ ಸಾರ್ವಜನಿಕ ಗ್ರಂಥಾಲಯಕ್ಕೆ ಪದ್ಮಪ್ರಭಾ ಗೌಡರ್ ಅವರ ಹೆಸರಿದೆ. ಲೇಖಕ, ರಾಜಕಾರಣಿ ಎಂ.ಪಿ. ವೀರೇಂದ್ರಕುಮಾರ್ ಅವರ ತಂದೆ ಅವರು. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಹೋಗಿ ವಯನಾಡಿನಲ್ಲಿ ನೆಲೆಸಿದ ಜೈನ ಸಮುದಾಯದವರು. ಮಲಯಾಳದ ಓದಿನ ಮನೆಯ ಬಾಗಿಲಿನ ಮೇಲೆ ಗೌಡರ ಹೆಸರು ನೋಡುವುದು ನನಗೆ ಸಂತೋಷದ ಸಂಗತಿ.

ನಮ್ಮದು ಬೇರೆ ದಾರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಗ್ರಂಥಾಲಯವನ್ನು ಇಲಾಖೆಯ ಕೈಗೆ ಕೊಟ್ಟಿತು, ಆಸ್ತಿ ತೆರಿಗೆಯ ಮೇಲೆ ಕರ ಹಾಕಿತು. ಹಣದ ಮೂಲ ಗಟ್ಟಿಯಾಯಿತು. ಊರಿನವರ ಪಾಲು ಮಾತ್ರ ಅಷ್ಟು ಬೆಳೆಯಲಿಲ್ಲ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದದ್ದು ಈ ಕೊರತೆಯನ್ನು ತುಂಬುವ ದಾರಿ ತೆರೆಯಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಅಭಿಯಾನ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪಂಚಾಯಿತಿ ಗ್ರಂಥಾಲಯದ ಒಳಗೆ ಕರೆತಂದಿತು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರಿನ ಈ ಕೋಣೆಗಳ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು. ನಮ್ಮ ಗ್ರಾಮ ಗ್ರಂಥಾಲಯಗಳ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಯನ್ನು ನಾನು ಕಾಣೆ. ವೆಳ್ಳಮುಂಡದಿಂದ ನಾವು ಕಲಿಯಬೇಕಾದ್ದು ಇದರ ಮುಂದಿನ ಹೆಜ್ಜೆಯನ್ನು: ಕೋಣೆಗೆ ಬರಲಾಗದವರ ಮನೆಗೆ ಪುಸ್ತಕವನ್ನು ನಡೆಸಿಕೊಂಡು ಹೋಗುವುದು, ಹಾಗೆ ನಡೆಯುವವರಿಗೆ ಬದುಕಲು ಸಾಲುವಷ್ಟು ಗೌರವಧನ ಕೊಡುವುದು.

ಬೇಂದ್ರೆಯವರನ್ನು ಎಲ್ಲಿ ಹುಡುಕುವುದು?

ಹಾಗಾದರೆ ಕಂಪ್ಯೂಟರ್ ಏನು ಮಾಡಬೇಕು? ಇಲ್ಲಿ ಗ್ರಂಥಪಾಲಕರ ಒಳಮನೆಯ ಕಷ್ಟವೊಂದನ್ನು ಹೇಳಬೇಕು.

ನಾನು ಕೆಲಸ ಮಾಡಿದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಪಟ್ಟಿಯನ್ನು ಮೊದಲು ಕಂಪ್ಯೂಟರಿಗೆ ಏರಿಸಿದ್ದು ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತವನ್ನು ಬಳಸದ ಅಕ್ಷರವಿನ್ಯಾಸದಲ್ಲಿ. ಆಗ ಎಲ್ಲ ಕಡೆಯೂ ಹಾಗೆಯೇ ಇತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಸಣ್ಣದಲ್ಲ. ಆದರೆ ಹಳೆಯ ಅಕ್ಷರವಿನ್ಯಾಸಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣುತ್ತಿತ್ತೇ ವಿನಾ ಒಳಗೆ ಕೂಡಿಟ್ಟದ್ದು ರೋಮನ್ ಅಕ್ಷರಗಳ ಸಂಕೇತಗಳನ್ನು. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರಕ್ಕೆ ಹೋದ ಕೂಡಲೇ ಇಡೀ ಪಟ್ಟಿ ಅರ್ಥವಿಲ್ಲದ ಗೀಚಾಗುತ್ತಿತ್ತು. ಹುಡುಕಲು ಬಾರದು, ಅಕಾರಾದಿಯಲ್ಲಿ ಜೋಡಿಸಲೂ ಬಾರದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಅದು ನಮ್ಮ ಕಪಾಟಿನವರೆಗೆ ಬರಲು ವರ್ಷಗಳೇ ಹಿಡಿದವು. ಇಂದಿಗೂ ಹಳೆಯ ಸಂಕೇತದಲ್ಲೇ ಸಿಕ್ಕಿಬಿದ್ದಿರುವ ಪುಸ್ತಕ ಪಟ್ಟಿಗಳು ನಾಡಿನಲ್ಲಿವೆ. ಅವನ್ನು ಪರಿವರ್ತಿಸಿ, ಒತ್ತಕ್ಷರ ತಪ್ಪಿದಲ್ಲಿ ಕೂತು ತಿದ್ದುವುದು ಯಾರ ಕಣ್ಣಿಗೂ ಬೀಳದ ಕೆಲಸ. ಉದ್ಘಾಟನೆಯ ಟೇಪು ಕತ್ತರಿಸಲು ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದಲೇ ಅದಕ್ಕೆ ಹಣ ಸಿಗುವುದಿಲ್ಲ.

ಅಕ್ಷರ ಸರಿಹೋದ ಮೇಲೆ ಹೆಸರಿನ ಗೋಜು. ಪಾಶ್ಚಾತ್ಯ ಪಟ್ಟಿಗಳಿಗೆ ಮನೆತನದ ಹೆಸರು ಮೊದಲು ಬರಬೇಕು. ನಮ್ಮಲ್ಲಿ ಊರು, ತಂದೆಯ ಹೆಸರು ಮೊದಲಕ್ಷರಗಳಾಗಿ ಮುಂದೆ ನಿಂತಿರುತ್ತವೆ. ಅದರ ಮೇಲೆ ಕಾವ್ಯನಾಮ ಬೇರೆ. ಒಬ್ಬರು ‘ದ.ರಾ. ಬೇಂದ್ರೆ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಬೇಂದ್ರೆ ದ.ರಾ.’, ಮತ್ತೊಬ್ಬರು ‘ಅಂಬಿಕಾತನಯದತ್ತ’. ಪುಟ್ಟಪ್ಪನವರ ಹೆಸರಿನಡಿ ಹುಡುಕಿದರೆ ಕುವೆಂಪು ಸಿಗುವುದಿಲ್ಲ, ಶ್ರೀನಿವಾಸರ ಅಡಿ ಮಾಸ್ತಿ ಸಿಗುವುದಿಲ್ಲ, ಅನಸೂಯಾ ಶಂಕರ್ ಮತ್ತು ತ್ರಿವೇಣಿ ಇಬ್ಬರಾಗಿಬಿಡುತ್ತಾರೆ. ಇದನ್ನು ಒಂದೇ ಹೆಸರಿಗೆ ಕಟ್ಟಿ, ಉಳಿದವುಗಳಿಂದ ಅಲ್ಲಿಗೆ ದಾರಿ ತೋರಿಸುವುದು ಗ್ರಂಥಪಾಲಕರ ಕಸುಬು. ಒಂದು ಗ್ರಂಥಾಲಯ ಒಮ್ಮೆ ಸರಿಯಾಗಿ ಮಾಡಿದರೆ ಉಳಿದವರು ಅದನ್ನು ಹಾಗೆಯೇ ಬಳಸಬಹುದು. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಸಣ್ಣ ಗ್ರಂಥಾಲಯವೊಂದು 2000ದಲ್ಲಿ ಬಳಕೆಗೆ ತಂದು, ಜಗತ್ತಿಗೆಲ್ಲ ಮುಕ್ತವಾಗಿ ಬಿಟ್ಟುಕೊಟ್ಟ ‘ಕೋಹ’ ತಂತ್ರಾಂಶ ಇದಕ್ಕೆ ಸಾಕಾಗುವಷ್ಟು ಸಮರ್ಥವಾಗಿದೆ. ಪರವಾನಗಿಯ ಹಣವಿಲ್ಲ, ಕನ್ನಡ, ಮಲಯಾಳ ಎರಡೂ ಅದರಲ್ಲಿ ಸಲೀಸು. ಕೇರಳದ ಗ್ರಂಥಪಾಲಕರು ಅದನ್ನು ಒಬ್ಬರಿಗೊಬ್ಬರು ಕಲಿಸಿಕೊಂಡು ಹರಡಿದ್ದಾರೆ. ನಮ್ಮ ಕಾಲೇಜುಗಳಲ್ಲೂ ಅದು ಬಂದಿದೆ. ಪಂಚಾಯಿತಿ ಗ್ರಂಥಾಲಯಗಳಿಗೂ ಬರಬೇಕು.

ಬಂದರೆ ಏನಾಗುತ್ತದೆ? ಚೀಲ ಹೊತ್ತು ನಡೆಯುವ ಹೆಣ್ಣುಮಗಳ ಕೈಯಲ್ಲಿ ಒಂದು ಮೊಬೈಲು ಇದ್ದು, ಈ ಮನೆಯವರು ಇದುವರೆಗೆ ಏನೇನು ಓದಿದ್ದಾರೆ, ಕೇಳಿದ ಪುಸ್ತಕ ಪಕ್ಕದ ಪಂಚಾಯಿತಿಯಲ್ಲಿ ಇದೆಯೇ ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ. ಸಂಜೆ ವಾಪಸು ಬಂದು ದಪ್ಪ ರಿಜಿಸ್ಟರಿನಲ್ಲಿ ಮತ್ತೆ ಬರೆಯುವ ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ಆಕೆ ನಾಳೆ ಕೊಂಡೊಯ್ಯುವ ಪುಸ್ತಕದ ಮೂವತ್ತು ಪುಟ ಓದಬಹುದು. ತಂತ್ರಜ್ಞಾನದಿಂದ ನಾನು ಬಯಸುವುದು ಆ ಮೂವತ್ತು ಪುಟವನ್ನು. ಇದಕ್ಕೆ ತಿರುಗಾಮುರುಗವಾಗಿ, ಪ್ರತಿ ಮನೆಯ ಮುಂದೆ ನಿಂತು ಫೋಟೊ ತೆಗೆದು ಮೇಲಿನವರಿಗೆ ಕಳಿಸಬೇಕೆಂಬ ಹಾಜರಾತಿಯ ಆ್ಯಪ್ ಅವಳ ಕೈಗೆ ಬಂದರೆ ಅದು ಗ್ರಂಥಾಲಯದ ತಂತ್ರಜ್ಞಾನವೇ ಅಲ್ಲ.

ಪುಸ್ತಕವೇ ಸಿಗದಿದ್ದಾಗ ಸ್ಕ್ಯಾನರ್ ನೆರವಿಗೆ ಬರುತ್ತದೆ. ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಯೋಜನೆಯಲ್ಲಿ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಡಿಜಿಟಲೀಕರಿಸಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ಇಡುತ್ತಿದ್ದಾರೆ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂಬುದು ಸಾಲಾಗಿ ಕಾಣುತ್ತದೆ, ಹಿಂದೆ ಒಬ್ಬ ವಿದ್ವಾಂಸರ ವರ್ಷಗಟ್ಟಲೆಯ ಚೀಟಿಕಟ್ಟಿನ ಕೆಲಸ ಅದು. ಕಾನೂನಿನ ಕಡೆಯಿಂದಲೂ ಒಂದು ಸಿಹಿಸುದ್ದಿಯಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ತ್ರಿವೇಣಿ ಮತ್ತು ಮಂಜೇಶ್ವರದ ಗೋವಿಂದ ಪೈ ಇಬ್ಬರೂ 1963ರಲ್ಲಿ ತೀರಿಕೊಂಡವರು. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಹಕ್ಕುಮುಕ್ತ. ಅಂದರೆ ಯಾವ ಪಂಚಾಯಿತಿ ಗ್ರಂಥಾಲಯವೂ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಕಣ್ಣು ಮಂಜಾದ ಅಜ್ಜಿಯರಿಗೆ ಕೊಡಬಹುದು, ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿ ಅಡುಗೆಮನೆಗೆ ಕಳಿಸಬಹುದು. ಯಾರ ಅಪ್ಪಣೆಯೂ ಬೇಡ. ಇಷ್ಟು ಸುಲಭದ, ಇಷ್ಟು ದೊಡ್ಡ ಕೆಲಸವನ್ನು ನಾವಿನ್ನೂ ಕೈಗೆತ್ತಿಕೊಂಡಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಕಪಾಟಿಗೆ ಊರಿನ ಪಾಲು

ಕೇರಳದ ಗ್ರಂಥಾಲಯಗಳಲ್ಲಿ ಕೈಬರಹದ ಮಾಸಿಕ ಎಂಬ ಸಂಪ್ರದಾಯವಿದೆ. ಸದಸ್ಯರು ಕಥೆ, ಕವಿತೆ, ಚಿತ್ರ ತರುತ್ತಾರೆ. ಅಕ್ಷರ ಚೆನ್ನಾಗಿರುವವರು ನಕಲು ಮಾಡುತ್ತಾರೆ. ಇರುವುದು ಒಂದೇ ಪ್ರತಿ, ಅದನ್ನು ಊರೆಲ್ಲ ಓದುತ್ತದೆ. ನಮ್ಮಲ್ಲೂ ಶಾಲೆ, ಹಾಸ್ಟೆಲುಗಳ ಗೋಡೆ ಪತ್ರಿಕೆಗಳಿಂದ ಬರಹಗಾರರಾದವರು ಬಹಳ. ಇವತ್ತು ಅದೇ ಒಂದು ಪ್ರತಿಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಪಟ್ಟಿಯಲ್ಲಿ ಹೆಸರು, ಇಸವಿ ಬರೆದು ಇಟ್ಟರೆ ಇನ್ನು ಐವತ್ತು ವರ್ಷಕ್ಕೂ ಸಿಗುತ್ತದೆ. ತಾನು ಬರೆದದ್ದು ಗ್ರಂಥಾಲಯದ ಪಟ್ಟಿಯಲ್ಲಿ ಬೇಂದ್ರೆ, ಮಲಯಾಳದ ಬಷೀರರ ಜೊತೆ ಅಕಾರಾದಿಯಲ್ಲಿ ಕಂಡರೆ ಊರಿನ ಹುಡುಗಿಯೊಬ್ಬಳಿಗೆ ಏನಾಗಬಹುದು, ಯೋಚಿಸಿ. ಬಣ್ಣದ ಕುರ್ಚಿ ಹಾಕಿ ‘ಸೃಜನಶೀಲ ಮೂಲೆ’ ಎಂದು ಫಲಕ ಬರೆಸುವುದಕ್ಕಿಂತ ಇದು ಕಡಿಮೆ ಖರ್ಚಿನ, ಹೆಚ್ಚು ಫಲದ ಕೆಲಸ.

ಮಕ್ಕಳು ಈಗ ಮನೆಪಾಠದ ಪ್ರಬಂಧವನ್ನು ಮೊಬೈಲಿಗೆ ಕೇಳಿ ಬರೆಸಿಕೊಳ್ಳುತ್ತಾರೆ. ಬೈಯುವುದರಿಂದ ಅದು ನಿಲ್ಲದು. ಆ ಯಂತ್ರಕ್ಕೆ ತಿಳಿದಿಲ್ಲದ ವಿಷಯವನ್ನು ಕೇಳಬೇಕು: ನಿಮ್ಮ ಗದ್ದೆಯ ತಳಿಗಳ ಹೆಸರೇನು, ಅಜ್ಜಿ ಈ ಊರಿಗೆ ಬಂದ ವರ್ಷ ಏನೇನು ತಂದರು, ಕಾಡಿನ ಅಂಚಿನವರು ಯಾವ ಮರದ ಜೇನನ್ನು ಯಾವಾಗ ಕೀಳುತ್ತಾರೆ. ಉತ್ತರಕ್ಕಾಗಿ ಮಗು ಎದ್ದು ಹೊರಗೆ ಹೋಗಲೇಬೇಕು.

ವಯನಾಡಿನಲ್ಲಿ ಈ ಮಾತಿಗೆ ಇನ್ನೂ ಆಳವಾದ ಅರ್ಥವಿದೆ. ಪಣಿಯ, ಅಡಿಯ, ಕುರಿಚ್ಯ, ಬೆಟ್ಟಕುರುಬ, ಕಾಟ್ಟುನಾಯ್ಕ ಮುಂತಾದ ಸಮುದಾಯಗಳ ಮಕ್ಕಳಿಗೆ ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಮಲಯಾಳ. ಈ ಅಂತರವನ್ನು ದಾಟಿಸಲು ಕೇರಳ ಸರ್ಕಾರ 2017ರಲ್ಲಿ ‘ಗೋತ್ರಬಂಧು’ ಯೋಜನೆಯಡಿ ಅದೇ ಸಮುದಾಯದ ವಿದ್ಯಾವಂತರನ್ನು ವಯನಾಡಿನ ಶಾಲೆಗಳಿಗೆ ನೇಮಿಸಿತು. ಮಾನಂದವಾಡಿ ಹತ್ತಿರದ ದ್ವಾರಕದಲ್ಲಿ 2009ರಲ್ಲಿ ಶುರುವಾದ ಸಮುದಾಯ ಬಾನುಲಿ ‘ರೇಡಿಯೊ ಮಾಟ್ಟೊಲಿ’ ಆದಿವಾಸಿ ನುಡಿಗಳಲ್ಲಿ ಕಾರ್ಯಕ್ರಮ ಬಿತ್ತರಿಸುತ್ತದೆ. ಕಾಟ್ಟುನಾಯ್ಕರ ಮಾತು ನಮ್ಮ ಎಚ್.ಡಿ. ಕೋಟೆ, ಕೊಡಗಿನ ಜೇನುಕುರುಬರ ಮಾತಿಗೆ ಬಹಳ ಹತ್ತಿರ. ಕನ್ನಡದ ಕಿವಿಗೆ ಬೇಗ ಹಿಡಿಯುತ್ತದೆ. ಬಾವಲಿಯ ಈಚೆಗೂ ಆಚೆಗೂ ಇರುವ ಈ ನುಡಿಯ ಕಥೆ, ಹಾಡು, ಗಿಡಮೂಲಿಕೆಯ ಅರಿವು ಎರಡೂ ರಾಜ್ಯಗಳ ಗ್ರಂಥಾಲಯದ ಕಪಾಟಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕರೂ ಅದು ಹೊರಗಿನವರು ಅವರ ಬಗ್ಗೆ ಬರೆದ ಸಂಶೋಧನಾ ಗ್ರಂಥ.

ಒಂದು ಮೊಬೈಲು, ಒಂದು ಸದ್ದಿಲ್ಲದ ಮಧ್ಯಾಹ್ನ, ಹೇಳಲು ಮನಸ್ಸುಳ್ಳ ಒಬ್ಬ ಹಿರಿಯರು ಇದ್ದರೆ ಧ್ವನಿಮುದ್ರಣ ಆಗುತ್ತದೆ. ಮೊದಲಿಗೆ ಒಪ್ಪಿಗೆ ಕೇಳಬೇಕು, ಏನನ್ನು ಹೊರಗೆ ಕೊಡಬಾರದು ಎಂಬುದನ್ನು ಅವರೇ ತೀರ್ಮಾನಿಸಬೇಕು. ಅದೇ ಸಮುದಾಯದ ಯುವಕ ಯುವತಿಯರು ಬರೆದಿಳಿಸಬೇಕು. ಈಚೆ ಅರಿವು ಕೇಂದ್ರ, ಆಚೆ ವಾಚನಾಲಯ ಎರಡೂ ಕೈಜೋಡಿಸಿದರೆ ಒಂದೇ ಪುಸ್ತಕ ಕನ್ನಡ ಲಿಪಿಯಲ್ಲೂ ಮಲಯಾಳ ಲಿಪಿಯಲ್ಲೂ ಬರಬಹುದು. ಕರ್ತೃವಿನ ಜಾಗದಲ್ಲಿ ಹೇಳಿದವರ ಹೆಸರೇ ಇರಬೇಕು. ಮುದ್ರಿಸಿಕೊಂಡವರು, ಬರೆದವರು ಕೆಳಗೆ.

ಆಗ ಗ್ರಂಥಪಾಲಕರ ಮೇಜಿನ ಮೇಲೆ ಒಂದು ನಿಜವಾದ ಸಮಸ್ಯೆ ಬರುತ್ತದೆ. ಡ್ಯೂಯಿ ವರ್ಗೀಕರಣದಲ್ಲಿ ಮಲಯಾಳ ಸಾಹಿತ್ಯದ ಸಂಖ್ಯೆ 894.812, ಕನ್ನಡದ್ದು 894.814. ಈ ಪುಸ್ತಕದ ಬೆನ್ನಿಗೆ ಯಾವ ಸಂಖ್ಯೆ ಅಂಟಿಸಬೇಕು? ಮಾತು ಕನ್ನಡಕ್ಕೆ ಹತ್ತಿರ, ಮಕ್ಕಳು ಓದುವುದು ಮಲಯಾಳ, ಹೇಳಿದವರು ತಮ್ಮದನ್ನು ಎರಡೂ ಅಲ್ಲ ಎನ್ನಬಹುದು. ನಾನಾದರೆ ಚೀಟಿ ಬರೆಯುವ ಮೊದಲು ಅವರು ವಾಸಿಸುವ ಹಾಡಿಗೆ ಹೋಗಿ ಕೇಳುತ್ತೇನೆ, ಅವರು ಹೇಳಿದ ಹೆಸರನ್ನೇ ಪಟ್ಟಿಯಲ್ಲಿ ಬರೆಯುತ್ತೇನೆ, ಸಂಖ್ಯೆಯನ್ನು ಆಮೇಲೆ ಹೊಂದಿಸುತ್ತೇನೆ.